ದೂರದಿಂದ ಮನೆಯ ಕ್ಯಾಮೆರಾ ನೋಡುವುದು: ದಾವಣಗೆರೆ ಸೀಮೆಯ ಮನೆಗಳಿಗೊಂದು ಕೈಪಿಡಿ

ದಾವಣಗೆರೆಯ ವಿದ್ಯಾನಗರ, ನಿಟುವಳ್ಳಿ, ಪಿ.ಜೆ. ಬಡಾವಣೆಗಳಲ್ಲಿ ಗೇಟಿಗೂ ಹಿತ್ತಲಿಗೂ ಕ್ಯಾಮೆರಾ ಹಾಕಿಸಿಕೊಂಡ ಮನೆಗಳು ಈಗ ಸಾಕಷ್ಟಿವೆ. ಅಂಥ ಎಷ್ಟೋ ಮನೆಗಳಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ ಇರುತ್ತಾರೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುವ ಮಕ್ಕಳು ಊರಿನ ಮನೆಯ ಬಾಗಿಲನ್ನು ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಬೇಯಿಸಿ ಕಣದಲ್ಲಿ ಹರವಿದ ದಿನಗಳಲ್ಲಿ ತೋಟದ ಮನೆಗೂ ಕ್ಯಾಮೆರಾ ಬೇಕೆನಿಸುತ್ತದೆ. ಕ್ಯಾಮೆರಾ ಹಾಕುವವರು ಬಂದು, ವೈರು ಎಳೆದು, ಮೊಬೈಲಿಗೊಂದು ಆ್ಯಪ್ ಹಾಕಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಕೊಟ್ಟು ಹೋಗುತ್ತಾರೆ. ಚಿತ್ರ ಯಾವ ದಾರಿಯಲ್ಲಿ ನಮ್ಮ ಕೈಗೆ ಬರುತ್ತಿದೆ, ಅದೇ ದಾರಿಯಲ್ಲಿ ಬೇರೆ ಯಾರು ಒಳಗೆ ಬರಬಹುದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ಕೈಪಿಡಿಯಲ್ಲಿ ಹೆಚ್ಚಿನ ಗಮನ ಕೊಟ್ಟಿರುವುದು ಆ ದಾರಿಗೇ. ದೂರದಿಂದ ನೋಡುವ ಅನುಕೂಲಕ್ಕಾಗಿ ಮನೆಯ ರೂಟರಿನಲ್ಲಿ ಹೊರಗಿನವರಿಗೆ ಬಾಗಿಲು ತೆರೆಯಬಾರದು, ತೆರೆಯುವ ಅಗತ್ಯವೂ ಇಲ್ಲ.

ಮೊದಲು ಮನೆಯೊಳಗಿನ ಕೆಲಸ

ಮನೆಯೊಳಗೇ ಸರಿಯಾಗಿ ಕಾಣದ ಕ್ಯಾಮೆರಾ ಹೊರಗಿನಿಂದ ಕಾಣುವುದು ಸಾಧ್ಯವಿಲ್ಲ. ಆದ್ದರಿಂದ ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸುವ ಡಿವಿಆರ್ ಅಥವಾ ಎನ್‌ವಿಆರ್ ಪೆಟ್ಟಿಗೆಯನ್ನು ವೈಫೈ ಮೂಲಕವಲ್ಲದೆ ಲ್ಯಾನ್ ವೈರಿನಿಂದಲೇ ರೂಟರಿಗೆ ಜೋಡಿಸಬೇಕು. ಗೋಡೆ ದಾಟಿ ಬರುವ ವೈಫೈ ಸಂಕೇತ ದಿನವಿಡೀ ಓಡುವ ವಿಡಿಯೋವನ್ನು ಒಂದೇ ಸಮನೆ ಹೊರಲಾರದು. ನಂತರ ರೂಟರಿನ ಸೆಟ್ಟಿಂಗಿಗೆ ಹೋಗಿ ಆ ಪೆಟ್ಟಿಗೆಗೆ ಒಂದು ಕಾಯಂ ಒಳವಿಳಾಸವನ್ನು (ಮನೆಯ ನೆಟ್‌ವರ್ಕಿನೊಳಗೆ ಅದನ್ನು ಗುರುತಿಸುವ ಸಂಖ್ಯೆಯನ್ನು) ಮೀಸಲಿಡಬೇಕು. ಹಾಗೆ ಮಾಡದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ, ನಿನ್ನೆ ಕಂಡ ಚಿತ್ರ ಇಂದು ಕಾಣದಂತಾಗಬಹುದು.

ಪೆಟ್ಟಿಗೆಯ ಗಡಿಯಾರವನ್ನೂ ಈ ಹಂತದಲ್ಲೇ ಸರಿಪಡಿಸಿಕೊಳ್ಳಬೇಕು. ಸಮಯ ವಲಯವನ್ನು ಜಿಎಂಟಿಗಿಂತ 5:30 ಗಂಟೆ ಮುಂದಕ್ಕೆ ಇಟ್ಟು, ಇಂಟರ್ನೆಟ್ಟಿನಿಂದ ತಾನಾಗಿಯೇ ಸಮಯ ಹೊಂದಿಸಿಕೊಳ್ಳುವ ಎನ್‌ಟಿಪಿ ಆಯ್ಕೆಯನ್ನು ಆನ್ ಮಾಡಿದರೆ ಸಾಕು. ಕಳ್ಳತನ ನಡೆದ ಮೇಲೆ ರೆಕಾರ್ಡಿಂಗಿನಲ್ಲಿ ಎರಡು ಗಂಟೆ ಹಿಂದಿನ ಸಮಯ ಕಂಡರೆ, ಆ ದೃಶ್ಯ ಎಷ್ಟೇ ಸ್ಪಷ್ಟವಾಗಿದ್ದರೂ ಅದರ ಬೆಲೆ ಕುಗ್ಗುತ್ತದೆ.

ಈಗ ಮನೆಯ ವೈಫೈಯಲ್ಲಿರುವ ಮೊಬೈಲಿನಿಂದ ಎಲ್ಲ ಕ್ಯಾಮೆರಾಗಳೂ ಕಾಣುತ್ತವೆಯೇ ಎಂದು ನೋಡಿ. ಕಂಡ ಬಳಿಕ ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದ ಮೇಲೆ ಅದೇ ಆ್ಯಪನ್ನು ತೆರೆಯಿರಿ. ಈ ಎರಡನೆಯ ಪರೀಕ್ಷೆಯನ್ನು ಮಾಡದೆ ಕ್ಯಾಮೆರಾ ಹಾಕುವವರನ್ನು ಕಳುಹಿಸಿಕೊಡಬೇಡಿ. ವೈಫೈಯಲ್ಲಿ ಕಾಣುವುದಕ್ಕೂ ಊರಾಚೆಯಿಂದ ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ.

ಅಪ್‌ಲೋಡ್ ವೇಗವೇ ಮುಖ್ಯ

ಇಂಟರ್ನೆಟ್ ಪ್ಲಾನ್ ಕೊಳ್ಳುವಾಗ ನಾವೆಲ್ಲ ನೋಡುವುದು ಡೌನ್‌ಲೋಡ್ ವೇಗವನ್ನು. ಕ್ಯಾಮೆರಾದ ಚಿತ್ರ ಹೋಗುವುದು ಮನೆಯಿಂದ ಹೊರಕ್ಕೆ. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು ಅಪ್‌ಲೋಡ್ ವೇಗ ಮಾತ್ರ. ಎರಡು ಮೆಗಾಪಿಕ್ಸೆಲ್ಲಿನ ಒಂದು ಕ್ಯಾಮೆರಾ ಎಚ್.264 ಎಂಬ ಹಳೆಯ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ ಪೂರ್ಣ ಗುಣಮಟ್ಟದ ಚಿತ್ರ ಕಳುಹಿಸಲು ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ತೆಗೆದುಕೊಳ್ಳುತ್ತದೆ, ಎಚ್.265 ಎಂಬ ಹೊಸ ವಿಧಾನದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಕ್ಯಾಮೆರಾಗಳನ್ನು ಒಟ್ಟಿಗೆ ಪೂರ್ಣ ಗುಣಮಟ್ಟದಲ್ಲಿ ನೋಡಲು ಹೋದರೆ ಹಳೆಯ ವಿಧಾನದಲ್ಲಿ 16 ಮೆಗಾಬಿಟ್ ಅಪ್‌ಲೋಡ್ ಬೇಕು. ಒಳ್ಳೆಯ ಫೈಬರ್ ಸಂಪರ್ಕಕ್ಕೆ ಇದು ಭಾರವಲ್ಲ. ತೋಟದ ಮನೆಯಲ್ಲಿ ಸಿಮ್ ಹಾಕಿದ ರೂಟರನ್ನು ನಂಬಿಕೊಂಡವರಿಗೆ ಮಾತ್ರ, ಅದರಲ್ಲೂ ಸಂಜೆ ಟವರಿನ ಮೇಲೆ ಒತ್ತಡವಿರುವ ಹೊತ್ತಿನಲ್ಲಿ, ಇದು ಆಗದ ಮಾತು.

ಇದಕ್ಕೆ ಪರಿಹಾರ ಪೆಟ್ಟಿಗೆಯೊಳಗೇ ಇದೆ. ಪ್ರತಿಯೊಂದು ಕ್ಯಾಮೆರಾಕ್ಕೂ ಎರಡು ಹರಿವುಗಳಿರುತ್ತವೆ: ಹಾರ್ಡ್ ಡಿಸ್ಕಿನಲ್ಲಿ ದಾಖಲಾಗುವ ಮುಖ್ಯ ಹರಿವು ಒಂದು, ದೂರದಿಂದ ನೋಡುವವರಿಗಾಗಿ ಇರುವ ಹಗುರವಾದ ಸಬ್‌ಸ್ಟ್ರೀಮ್ ಇನ್ನೊಂದು. ಸಬ್‌ಸ್ಟ್ರೀಮನ್ನು ಸೆಕೆಂಡಿಗೆ 10ರಿಂದ 15 ಚಿತ್ರಗಳಿಗೂ, 256ರಿಂದ 512 ಕಿಲೋಬಿಟ್ಟಿಗೂ ಇಳಿಸಿಟ್ಟರೆ ಮೊಬೈಲಿನ ಪುಟ್ಟ ಪರದೆಯ ಮೇಲೆ ಗೇಟಿನ ಬಳಿ ನಿಂತವರು ಯಾರೆಂದು ತಿಳಿಯುತ್ತದೆ. ಮುಖವನ್ನು ಸ್ಪಷ್ಟವಾಗಿ ನೋಡಬೇಕಾದಾಗ ಆ ಒಂದು ಕ್ಯಾಮೆರಾವನ್ನು ಮಾತ್ರ ಎಚ್‌ಡಿಗೆ ಬದಲಾಯಿಸಿಕೊಳ್ಳಬಹುದು. ನೋಡುವವರ ಡೇಟಾ ಉಳಿತಾಯವೂ ಇದರಲ್ಲಿದೆ: 512 ಕಿಲೋಬಿಟ್ಟಿನ ಹರಿವು ಗಂಟೆಗೆ ಸುಮಾರು 230 ಎಂಬಿ ತಿಂದರೆ, 4 ಮೆಗಾಬಿಟ್ಟಿನ ಮುಖ್ಯ ಹರಿವು ಗಂಟೆಗೆ 1.8 ಜಿಬಿ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರ ಡೇಟಾ ಒಂದು ಗಂಟೆಯೊಳಗೇ ಮುಗಿಯುತ್ತದೆ.

ಮುಖ್ಯ ಹರಿವಿನ ಗುಣಮಟ್ಟವನ್ನು ಮಾತ್ರ ಇಳಿಸಬೇಡಿ, ಅದು ಸಾಕ್ಷಿಗಾಗಿ ಇರುವುದು. ನಾಲ್ಕು ಕ್ಯಾಮೆರಾಗಳು ತಲಾ 2 ಮೆಗಾಬಿಟ್ಟಿನಂತೆ ಹಗಲೂ ರಾತ್ರಿ ದಾಖಲಿಸಿದರೆ ದಿನಕ್ಕೆ ಸುಮಾರು 86 ಜಿಬಿ ಆಗುತ್ತದೆ. ಅಂದರೆ 1 ಟಿಬಿ ಹಾರ್ಡ್ ಡಿಸ್ಕು ಹನ್ನೊಂದು ದಿನದಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುವಾಗುತ್ತದೆ. ಚಲನೆ ಇದ್ದಾಗ ಮಾತ್ರ ದಾಖಲಿಸುವಂತೆ ಇಟ್ಟರೆ ಇನ್ನೂ ಹೆಚ್ಚು ದಿನ ಉಳಿಯುತ್ತದೆ.

ನಿಮ್ಮ ಮನೆಗೆ ಸ್ವಂತ ವಿಳಾಸವಿದೆಯೇ

ಹೊರಗಿನಿಂದ ಮನೆಯ ರೂಟರನ್ನು ನೇರವಾಗಿ ತಲುಪಬೇಕಾದರೆ ಆ ರೂಟರಿಗೆ ಇಂಟರ್ನೆಟ್ಟಿನಲ್ಲಿ ಸ್ವಂತ ಐಪಿ ವಿಳಾಸವಿರಬೇಕು. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಏಷ್ಯಾ ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ಕಂತನ್ನು ತಲುಪಿತು. ಅಂದಿನಿಂದ ಇಂಟರ್ನೆಟ್ ಕೊಡುವ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುವ ಸಿಜಿ-ನ್ಯಾಟ್ ಎಂಬ ಏರ್ಪಾಡನ್ನು ಹೆಚ್ಚುಹೆಚ್ಚಾಗಿ ಬಳಸುತ್ತಿವೆ. ಬೀದಿಗೆ ಒಂದೇ ಬಾಗಿಲಿರುವ ವಠಾರದ ಹಾಗೆ ಇದು: ಒಳಗಿರುವವರು ಯಾವಾಗ ಬೇಕಾದರೂ ಹೊರಗೆ ಹೋಗಿಬರಬಹುದು, ಆದರೆ ಬರಿಯ ಬೀದಿ ಬಾಗಿಲ ನಂಬರು ಹಿಡಿದು ಬಂದವರಿಗೆ ಯಾವ ಮನೆಗೆ ಹೋಗಬೇಕೆಂದು ತಿಳಿಯುವುದಿಲ್ಲ.

ನಿಮ್ಮ ಮನೆ ಇಂಥ ಏರ್ಪಾಡಿನ ಹಿಂದಿದೆಯೇ ಎಂದು ಐದು ನಿಮಿಷದಲ್ಲಿ ತಿಳಿಯಬಹುದು. ರೂಟರಿನ ಸೆಟ್ಟಿಂಗಿನಲ್ಲಿ ವ್ಯಾನ್ ಅಥವಾ ಇಂಟರ್ನೆಟ್ ಸ್ಟೇಟಸ್ ಎಂಬ ಪುಟವನ್ನು ತೆರೆದು ಅಲ್ಲಿರುವ ಐಪಿ ವಿಳಾಸವನ್ನು ಬರೆದುಕೊಳ್ಳಿ. ಬಳಿಕ ಅದೇ ವೈಫೈಯಲ್ಲಿರುವ ಮೊಬೈಲಿನಲ್ಲಿ, ನಿಮ್ಮ ಐಪಿ ವಿಳಾಸ ಯಾವುದೆಂದು ತೋರಿಸುವ ಯಾವುದಾದರೂ ತಾಣವನ್ನು ತೆರೆಯಿರಿ. ಎರಡೂ ಕಡೆ ಒಂದೇ ಐಪಿವಿ4 ವಿಳಾಸವಿದ್ದರೆ ನಿಮಗೆ ಸ್ವಂತ ವಿಳಾಸವಿದೆ. ರೂಟರಿನಲ್ಲಿ ಕಾಣುವ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಅದು ಸಿಜಿ-ನ್ಯಾಟ್ ವಿಳಾಸ. ಈ ಕೆಲಸಕ್ಕೆಂದೇ 2012ರಲ್ಲಿ ಮೀಸಲಿಟ್ಟ ಸಾಲು ಅದು. 10ರಿಂದ ಶುರುವಾಗುವ ವಿಳಾಸವಿದ್ದರೂ ಅರ್ಥ ಬಹುಮಟ್ಟಿಗೆ ಅದೇ. 192.168ರಿಂದ ಶುರುವಾಗುತ್ತಿದ್ದರೆ, ಫೈಬರ್ ತಂದುಕೊಟ್ಟವರ ಪೆಟ್ಟಿಗೆಯೇ ಒಂದು ರೂಟರಾಗಿದ್ದು, ಅದರ ಹಿಂದೆ ನಿಮ್ಮ ಇನ್ನೊಂದು ರೂಟರ್ ಕುಳಿತಿದೆ ಎಂದು ತಿಳಿಯಬೇಕು. ಆಗ ಮುಂದಿನ ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.

ಸ್ವಂತ ವಿಳಾಸವಿಲ್ಲವೆಂದು ಚಿಂತಿಸಬೇಕಾಗಿಲ್ಲ. ಕೆಲವು ಕಂಪನಿಗಳು ಹೆಚ್ಚುವರಿ ಹಣಕ್ಕೆ ಬದಲಾಗದ ಸ್ವಂತ ವಿಳಾಸವನ್ನು, ಅಂದರೆ ಸ್ಟ್ಯಾಟಿಕ್ ಐಪಿಯನ್ನು, ಕೊಡುತ್ತವೆ, ಆದರೆ ಕೇವಲ ಕ್ಯಾಮೆರಾ ನೋಡುವುದಕ್ಕಾಗಿ ಅದನ್ನು ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನಗತ್ಯ ಖರ್ಚು. ಮುಂದೆ ಹೇಳುವ ಎರಡು ಒಳ್ಳೆಯ ದಾರಿಗಳೂ ಸಿಜಿ-ನ್ಯಾಟ್ ಹಿಂದಿನಿಂದಲೇ ಕೆಲಸ ಮಾಡುತ್ತವೆ.

ಹಿಡಿಯಬಾರದ ದಾರಿ

ಸ್ವಂತ ವಿಳಾಸವಿರುವ ಮನೆಗಳಲ್ಲಿ ಕ್ಯಾಮೆರಾ ಹಾಕುವ ಕೆಲವರು ಇಂದಿಗೂ ಪೋರ್ಟ್ ಫಾರ್ವರ್ಡಿಂಗ್ ಮಾಡಿಟ್ಟು ಹೋಗುತ್ತಾರೆ. 80, 554, 8000, 37777 ಎಂಬಂಥ ಪೋರ್ಟುಗಳನ್ನು, ಅಂದರೆ ಸಂಖ್ಯೆ ಹಾಕಿದ ಬಾಗಿಲುಗಳನ್ನು, ರೂಟರಿನಲ್ಲಿ ತೆರೆದು, ಅವುಗಳ ಮೂಲಕ ಬಂದದ್ದನ್ನೆಲ್ಲ ಡಿವಿಆರ್ ಪೆಟ್ಟಿಗೆಗೆ ದಾಟಿಸುವ ಕ್ರಮವಿದು. ಪೋರ್ಟ್ ತೆರೆದ ಮೇಲೆ ಮನೆಯವರಿಗೂ ಅಪರಿಚಿತರಿಗೂ ನಡುವೆ ಉಳಿಯುವುದು ಆ ಪೆಟ್ಟಿಗೆಯ ಪಾಸ್‌ವರ್ಡ್ ಮತ್ತು ಅದರೊಳಗಿನ ಫರ್ಮ್‌ವೇರ್ (ಪೆಟ್ಟಿಗೆಯನ್ನು ನಡೆಸುವ ತಂತ್ರಾಂಶ) ಮಾತ್ರ. ಇಡೀ ಇಂಟರ್ನೆಟ್ಟಿನ ಐಪಿವಿ4 ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುವ ಯಂತ್ರಗಳು ಹಗಲಿರುಳೂ ಓಡುತ್ತಿವೆ. ದಾವಣಗೆರೆಯ ಒಂದು ಸಣ್ಣ ಮನೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ಇದು ಕಲ್ಪನೆಯ ಭಯವಲ್ಲ. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಅರವತ್ತರಷ್ಟು ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸುತ್ತಲೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಮತ್ತು ರೂಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳು ಒಟ್ಟಾಗಿ ತಾಣಗಳ ಹೆಸರಿನಿಂದ ಅವುಗಳ ಐಪಿ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳೇ ಹಲವರಿಗೆ ಸಿಗದಂತಾದವು. ಒಳ್ಳೆಯ ಪಾಸ್‌ವರ್ಡ್ ಇದ್ದರೆ ಸಾಕೆನ್ನುವಂತೆಯೂ ಇಲ್ಲ. 2021ರಲ್ಲಿ ಹೈಕ್‌ವಿಷನ್ನಿನ ಹಲವು ಮಾದರಿಗಳಲ್ಲಿ ಬಯಲಾದ ದೋಷವೊಂದು, ಪಾಸ್‌ವರ್ಡೇ ಇಲ್ಲದೆ ಹೊರಗಿನವರು ಕ್ಯಾಮೆರಾವನ್ನು ಪೂರ್ತಿ ವಶಕ್ಕೆ ತೆಗೆದುಕೊಳ್ಳಲು ಎಡೆಮಾಡಿಕೊಟ್ಟಿತ್ತು. ಕಂಪನಿ ತಿದ್ದಿದ ಫರ್ಮ್‌ವೇರನ್ನು ಬಿಡುಗಡೆ ಮಾಡಿತು. ಆದರೆ ಹಾಕಿಸಿದ ದಿನದಿಂದ ಯಾರೂ ಮುಟ್ಟದ ಪೆಟ್ಟಿಗೆಗಳಿಗೆ ಅದನ್ನು ತಲುಪಿಸುವವರು ಯಾರು?

ಆದ್ದರಿಂದ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಎಂಬ ಪುಟವನ್ನು ಇಂದೇ ತೆರೆದು ನೋಡಿ. ಕ್ಯಾಮೆರಾಕ್ಕೆ ಸಂಬಂಧಿಸಿದ ಸಾಲುಗಳು ಅಲ್ಲಿದ್ದರೆ ಅಳಿಸಿ. ಒಂದು ಸಾಧನವನ್ನು ಪೂರ್ತಿಯಾಗಿ ಹೊರಗಿನವರಿಗೆ ತೆರೆದಿಡುವ ಡಿಎಂಝಡ್ ಆಯ್ಕೆ ಆನ್ ಆಗಿದ್ದರೆ ಆಫ್ ಮಾಡಿ. ಯುಪಿಎನ್‌ಪಿ ಎಂಬ ಆಯ್ಕೆ ಯಾರನ್ನೂ ಕೇಳದೆ ಪೋರ್ಟುಗಳನ್ನು ತೆರೆಯಲು ಸಾಧನಗಳಿಗೆ ಅವಕಾಶ ಕೊಡುವುದರಿಂದ, ಅದನ್ನು ರೂಟರಿನಲ್ಲಿಯೂ ಡಿವಿಆರ್‌ನಲ್ಲಿಯೂ ನಿಲ್ಲಿಸಬೇಕು. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯ ಸಂಪರ್ಕವಿರುವ ಮನೆಗಳಲ್ಲಿ ಪ್ರತಿ ಸಾಧನಕ್ಕೂ ಹೊರಗಿನಿಂದ ತಲುಪಬಹುದಾದ ವಿಳಾಸ ಸಿಗುವ ಸಾಧ್ಯತೆಯಿದೆ. ಅಲ್ಲಿ ಹೊರಗಿನವರನ್ನು ತಡೆಯುವ ರೂಟರಿನ ಐಪಿವಿ6 ಫೈರ್‌ವಾಲನ್ನು ಯಾವ ಕಾರಣಕ್ಕೂ ಆಫ್ ಮಾಡಬಾರದು.

ತಯಾರಕರ ಆ್ಯಪ್ ಮೂಲಕ ನೋಡುವುದು

ಬಹುತೇಕ ಮನೆಗಳಿಗೆ ಇದೇ ಸಾಕಾಗುವ ದಾರಿ. ಡಿವಿಆರ್ ಪೆಟ್ಟಿಗೆ ತಾನಾಗಿಯೇ ತಯಾರಕರ ಸರ್ವರನ್ನು ಸಂಪರ್ಕಿಸಿಕೊಂಡಿರುತ್ತದೆ. ನಿಮ್ಮ ಮೊಬೈಲೂ ಅದೇ ಸರ್ವರನ್ನು ಕೇಳಿದಾಗ ಅದು ಎರಡನ್ನೂ ಪರಸ್ಪರ ಜೋಡಿಸುತ್ತದೆ. ಇದನ್ನೇ ಪಿ2ಪಿ ಎನ್ನುತ್ತಾರೆ. ಸಂಪರ್ಕ ಮನೆಯೊಳಗಿನಿಂದಲೇ ಹೊರಡುವುದರಿಂದ ಸಿಜಿ-ನ್ಯಾಟ್ ಅಡ್ಡಿಯಾಗುವುದಿಲ್ಲ, ಪೋರ್ಟ್ ತೆರೆಯುವ ಮಾತೂ ಇಲ್ಲ. ನೇರ ಜೋಡಣೆ ಆಗದಿದ್ದಾಗ ಚಿತ್ರ ಕಂಪನಿಯ ಸರ್ವರ್ ಮೂಲಕವೇ ಸುತ್ತಿ ಬರುತ್ತದೆ. ಆಗ ಚಿತ್ರ ತಡವಾಗಿ ಬರುವುದುಂಟು.

ಇಲ್ಲಿ ಎಚ್ಚರ ವಹಿಸಬೇಕಾದದ್ದು ಖಾತೆಯ ಒಡೆತನದ ವಿಷಯದಲ್ಲಿ. ಅವಸರದಲ್ಲಿ ಕ್ಯಾಮೆರಾ ಹಾಕುವವರು ತಮ್ಮದೇ ಮೊಬೈಲ್ ನಂಬರಿನಿಂದ ಖಾತೆ ತೆರೆದು, ಮನೆಯವರಿಗೆ ಅದರ ಹಂಚಿಕೆಯನ್ನಷ್ಟೇ ಕೊಟ್ಟು ಹೋಗುವ ರೂಢಿಯಿದೆ. ಅವರು ಎಷ್ಟೇ ಒಳ್ಳೆಯವರಾಗಿರಲಿ, ನಿಮ್ಮ ಮನೆಯ ಒಳಾಂಗಣ ಅವರ ಮೊಬೈಲಿನಲ್ಲಿ ಇರಬೇಕಾಗಿಲ್ಲ. ಮುಂದೆ ಅವರು ನಂಬರ್ ಬದಲಾಯಿಸಿದರೆ ನಿಮ್ಮ ಪೆಟ್ಟಿಗೆಯನ್ನು ನಿಮ್ಮ ಹೆಸರಿಗೆ ತಂದುಕೊಳ್ಳುವುದೂ ಕಷ್ಟವಾಗುತ್ತದೆ. ಖಾತೆ ಮನೆಯವರೊಬ್ಬರ ನಂಬರಿನಲ್ಲೇ ಇರಲಿ. ಪೆಟ್ಟಿಗೆಯನ್ನು ಅದಕ್ಕೇ ಸೇರಿಸಿ. ಅಣ್ಣ ತಮ್ಮಂದಿರು, ಮಗಳು ಅಳಿಯ ನೋಡಬೇಕೆಂದರೆ ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಕಳುಹಿಸದೆ, ಆ್ಯಪಿನೊಳಗಿರುವ ಹಂಚಿಕೆಯ ಸೌಲಭ್ಯದಿಂದ ಅವರವರ ಖಾತೆಗೆ ನೋಡುವ ಹಕ್ಕನ್ನಷ್ಟೇ ಕೊಡಿ. ಬೇಡವಾದಾಗ ಒಬ್ಬರದನ್ನು ಮಾತ್ರ ಹಿಂತೆಗೆದುಕೊಳ್ಳಬಹುದು.

ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡನ್ನು ಕ್ಯಾಮೆರಾ ಹಾಕುವವರು ಹೋದ ಮೇಲೆ ನೀವೇ ಬದಲಾಯಿಸಿ, ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಆ್ಯಪಿನಲ್ಲಿ ಎರಡು ಹಂತದ ದೃಢೀಕರಣವಿದ್ದರೆ ಆನ್ ಮಾಡಿ. ಚಿತ್ರವನ್ನು ಗೂಢಲಿಪಿಗೊಳಿಸುವ ಎನ್‌ಕ್ರಿಪ್ಷನ್ ಕೋಡ್ ಇಡುವ ಅವಕಾಶವಿದ್ದರೆ ಪೆಟ್ಟಿಗೆಯ ಮೇಲೆ ಅಂಟಿಸಿದ ಕೋಡನ್ನೇ ಉಳಿಸಿಕೊಳ್ಳದೆ ಬೇರೆಯದನ್ನು ಇಡಿ. ಕೆಲವು ತಿಂಗಳಿಗೊಮ್ಮೆ ಹೊಸ ಫರ್ಮ್‌ವೇರ್ ಬಂದಿದೆಯೇ ಎಂದು ನೋಡಿ ಹಾಕಿಕೊಳ್ಳಿ. ಹೊಸದಾಗಿ ಕೊಳ್ಳುವವರು ಇನ್ನೊಂದು ಮಾತನ್ನು ಅಂಗಡಿಯಲ್ಲಿ ಕೇಳಬೇಕು: ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ 2025ರ ಏಪ್ರಿಲ್ 9ರಿಂದ ಕಡ್ಡಾಯವಾಗಿದೆ. ನೀವು ಕೊಳ್ಳುತ್ತಿರುವ ಮಾದರಿಗೆ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯುಸಿಯ ಪ್ರಮಾಣಪತ್ರವಿದೆಯೇ ಎಂದು ಕೇಳಿ, ಮಾದರಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ವಿಪಿಎನ್ ಮೂಲಕ ನೋಡುವುದು

ತಯಾರಕರ ಸರ್ವರನ್ನು ನೆಚ್ಚಿಕೊಳ್ಳಲು ಮನಸ್ಸಿಲ್ಲದವರಿಗೆ, ಮನೆಯೊಳಗೂ ಕ್ಯಾಮೆರಾಗಳಿರುವವರಿಗೆ ಮೊಬೈಲಿಗೂ ಮನೆಗೂ ನಡುವೆ ಗೂಢಲಿಪಿಯ ಖಾಸಗಿ ಸಂಪರ್ಕ ಹಾಕುವ ವಿಪಿಎನ್ ಹೆಚ್ಚು ಭದ್ರವಾದ ದಾರಿ. ನೀವು ಬೆಂಗಳೂರಿನಲ್ಲಿದ್ದರೂ ನಿಮ್ಮ ಮೊಬೈಲ್ ದಾವಣಗೆರೆಯ ಮನೆಯ ವೈಫೈಯಲ್ಲೇ ಇರುವಂತೆ ಇದು ವರ್ತಿಸುತ್ತದೆ, ಹಾಗಾಗಿ ಡಿವಿಆರ್‌ನ ಒಳವಿಳಾಸವನ್ನೇ ಆ್ಯಪಿನಲ್ಲಿ ಕೊಟ್ಟು ನೋಡಬಹುದು. ಸ್ವಂತ ಐಪಿ ವಿಳಾಸವಿದ್ದು ನಿಮ್ಮ ರೂಟರಿನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಇದ್ದರೆ, ಅದನ್ನು ಆನ್ ಮಾಡಿ ಮೊಬೈಲಿಗೊಂದು ಕೀಲಿ ತಯಾರಿಸಿಕೊಂಡರೆ ಕೆಲಸ ಮುಗಿಯಿತು. ಇದಕ್ಕೂ ಒಂದು ಪೋರ್ಟ್ ತೆರೆದಿರುತ್ತದೆ ನಿಜ. ಆದರೆ ಸರಿಯಾದ ಕೀಲಿಯಿಲ್ಲದೆ ತಟ್ಟಿದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಆದ್ದರಿಂದ ಅದು ಅಲ್ಲಿದೆ ಎಂಬುದೇ ಅವರಿಗೆ ತಿಳಿಯದು.

ಸಿಜಿ-ನ್ಯಾಟ್ ಹಿಂದಿರುವವರು ಟೇಲ್‌ಸ್ಕೇಲ್, ಝೀರೋಟಿಯರ್‌ನಂಥ ಸೇವೆಗಳನ್ನು ಬಳಸಬಹುದು. ಮನೆಯಲ್ಲಿ ಯಾವಾಗಲೂ ಚಾಲೂ ಇರುವ ಒಂದು ಸಣ್ಣ ಕಂಪ್ಯೂಟರ್, ಉದಾಹರಣೆಗೆ ಒಂದು ರಾಸ್ಪ್‌ಬೆರಿ ಪೈ, ಬೇಕು. ಅದರಲ್ಲಿ ಟೇಲ್‌ಸ್ಕೇಲ್ ಹಾಕಿ, ಮನೆಯ ಉಳಿದ ಸಾಧನಗಳಿಗೂ ದಾರಿ ಮಾಡಿಕೊಡುವ ಸಬ್‌ನೆಟ್ ರೂಟರ್ ಎಂಬ ಆಯ್ಕೆಯನ್ನು ಸಿದ್ಧಪಡಿಸಿದರೆ, ಡಿವಿಆರ್ ಪೆಟ್ಟಿಗೆಯಲ್ಲಿ ಏನನ್ನೂ ಬದಲಾಯಿಸಬೇಕಾಗಿಲ್ಲ. ಇಲ್ಲಿ ಬಹಳ ಮಂದಿ ಎಡವುವ ಒಂದು ಸಂಗತಿಯಿದೆ: ಊರಿನ ಮನೆಯ ರೂಟರೂ ಬೆಂಗಳೂರಿನ ಮನೆಯ ರೂಟರೂ ಎರಡೂ 192.168.1 ಸಾಲಿನ ವಿಳಾಸಗಳನ್ನೇ ಕೊಡುತ್ತಿದ್ದರೆ, ನೀವು ಕೇಳುತ್ತಿರುವುದು ಯಾವ ಮನೆಯ ಸಾಧನವೆಂಬ ಗೊಂದಲವಾಗಿ ಚಿತ್ರ ಬರುವುದಿಲ್ಲ. ಊರಿನ ರೂಟರಿನ ಸಾಲನ್ನು 192.168.57 ಎಂಬಂತೆ ಅಪರೂಪದ ಸಂಖ್ಯೆಗೆ ಮೊದಲೇ ಬದಲಾಯಿಸಿಕೊಳ್ಳುವುದು ಒಳ್ಳೆಯದು. ವಿಪಿಎನ್ ಸರಿಯಾಗಿ ನಡೆಯತೊಡಗಿದ ಮೇಲೆ ಡಿವಿಆರ್‌ನ ಪಿ2ಪಿ ಆಯ್ಕೆಯನ್ನು ಆಫ್ ಮಾಡಬಹುದು. ವಯಸ್ಸಾದವರೂ ತಮ್ಮ ಮೊಬೈಲಿನಲ್ಲಿ ನೋಡಬೇಕಾದ ಮನೆಯಾದರೆ ಮಾತ್ರ, ವಿಪಿಎನ್ ಆನ್ ಮಾಡಿ ಆಮೇಲೆ ಆ್ಯಪ್ ತೆರೆಯುವ ಎರಡು ಹೆಜ್ಜೆ ಅವರಿಗೆ ಹೊರೆಯಾಗದೇ ಎಂದು ಯೋಚಿಸಿ ನಿರ್ಧರಿಸಿ.

ಯಾವ ದಾರಿ ಹಿಡಿದರೂ ಮನೆಗೆ ಬರುವವರ ಮೊಬೈಲುಗಳನ್ನು ಡಿವಿಆರ್ ಇರುವ ನೆಟ್‌ವರ್ಕಿನಿಂದ ದೂರವಿಡಬೇಕು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ನೆಂಟರಿಷ್ಟರು ಮನೆ ತುಂಬ ಸೇರಿದಾಗ ವೈಫೈ ಪಾಸ್‌ವರ್ಡ್ ಕೇಳದವರಿಲ್ಲ, ಕೊಡುವುದಿಲ್ಲ ಎನ್ನುವುದು ಮರ್ಯಾದೆಯೂ ಅಲ್ಲ. ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕನ್ನು ಸಿದ್ಧಮಾಡಿಟ್ಟು ಅದರ ಪಾಸ್‌ವರ್ಡನ್ನು ಧಾರಾಳವಾಗಿ ಕೊಡಿ.

ಕರೆಂಟ್ ಹೋದಾಗ

ಬೆಸ್ಕಾಂ ಲೈನ್ ಹೋದ ರಾತ್ರಿಯೇ ಕ್ಯಾಮೆರಾ ಹೆಚ್ಚು ಬೇಕಾಗುವುದು. ಎಷ್ಟೋ ಮನೆಗಳಲ್ಲಿ ದೀಪ, ಫ್ಯಾನುಗಳು ಇನ್ವರ್ಟರಿನ ಮೇಲಿರುತ್ತವೆ, ಟಿವಿ ಹಿಂದಿನ ಫೈಬರ್ ಪೆಟ್ಟಿಗೆ ಮಾತ್ರ ಇರುವುದಿಲ್ಲ. ದೂರದಿಂದ ಚಿತ್ರ ಬರಬೇಕಾದರೆ ಕ್ಯಾಮೆರಾಗಳ ಅಡಾಪ್ಟರ್, ಡಿವಿಆರ್, ರೂಟರ್, ಫೈಬರ್ ಪೆಟ್ಟಿಗೆ ನಾಲ್ಕಕ್ಕೂ ಒಂದೇ ಸಮಯದಲ್ಲಿ ಕರೆಂಟ್ ಇರಬೇಕು. ಎಲ್ಲವನ್ನೂ ಇನ್ವರ್ಟರಿನ ಒಂದೇ ಪಾಯಿಂಟಿಗೆ ತರುವುದು ಉತ್ತಮ. ಇನ್ವರ್ಟರ್ ಇಲ್ಲದವರು ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿಕೊಳ್ಳಬಹುದು, ಆದರೆ ಅದು ಡಿವಿಆರ್‌ನ ಭಾರವನ್ನು ಹೊರುತ್ತದೆಂದು ಭಾವಿಸಬಾರದು. ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಚಿತ್ರ ಎಷ್ಟು ಹೊತ್ತು ಬರುತ್ತದೆ ಎಂದು ನೋಡಿ. ಕೆಲವು ಬೀದಿಗಳಲ್ಲಿ ಕಂಬದ ಮೇಲಿನ ಕೇಬಲ್‌ನವರ ಪೆಟ್ಟಿಗೆಗೇ ಬ್ಯಾಕಪ್ ಇರುವುದಿಲ್ಲ. ಅಲ್ಲಿ ಮನೆಯಲ್ಲಿ ಎಷ್ಟು ಸಿದ್ಧತೆ ಮಾಡಿದರೂ ಕರೆಂಟ್ ಹೋದೊಡನೆ ನೆಟ್ ನಿಲ್ಲುತ್ತದೆ, ಆದರೆ ಡಿವಿಆರ್‌ಗೆ ಕರೆಂಟ್ ಇದ್ದರೆ ರೆಕಾರ್ಡಿಂಗ್ ನಿಲ್ಲುವುದಿಲ್ಲ.

ಆ್ಯಪಿನಲ್ಲಿ ಆಫ್‌ಲೈನ್ ಎಂದು ಕಂಡಾಗಲೂ ಇದೇ ಕ್ರಮದಲ್ಲಿ ವಿಚಾರಿಸಬೇಕು: ಮನೆಯಲ್ಲಿ ಕರೆಂಟ್ ಇದೆಯೇ, ನೆಟ್ ರೀಚಾರ್ಜ್ ಮುಗಿದಿದೆಯೇ, ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದೆಯೇ, ಆಮೇಲೆ ಡಿವಿಆರ್. ಒಂದೇ ಕ್ಯಾಮೆರಾ ಹೋಗಿದ್ದರೆ ತೊಂದರೆ ಅದರ ವೈರು ಅಥವಾ ಅಡಾಪ್ಟರಿನದು, ನೆಟ್ಟಿನದಲ್ಲ.

ಯಾರನ್ನು ನೋಡುತ್ತಿದ್ದೇವೆ

ಕ್ಯಾಮೆರಾದ ಮುಖ ನಿಮ್ಮ ಗೇಟು, ಅಂಗಳ, ಹಿತ್ತಲಿನ ಕಡೆಗೆ ಇರಲಿ. ಎದುರು ಮನೆಯ ಕಿಟಕಿ, ಪಕ್ಕದವರ ಬಟ್ಟೆ ಒಣಗಿಸುವ ತಾರಸಿ ಅದರಲ್ಲಿ ಬೀಳಬಾರದು. ಬಿದ್ದೇ ಬೀಳುವಂತಿದ್ದರೆ ಆ ಭಾಗವನ್ನು ಕಪ್ಪಾಗಿಸುವ ಪ್ರೈವೆಸಿ ಮಾಸ್ಕ್ ಆಯ್ಕೆ ಡಿವಿಆರ್‌ನಲ್ಲಿರುತ್ತದೆ. ಸಮ್ಮತಿಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. ಅಪ್ಪ ಅಮ್ಮ ಕೂರುವ ಕೋಣೆಯಲ್ಲಿ ಕ್ಯಾಮೆರಾ ಹಾಕುವ ಮುನ್ನ ಅವರನ್ನು ಕೇಳಿ, ಅವರು ಬೇಡವೆಂದರೆ ಬಿಡಿ. ಮನೆಗೆಲಸಕ್ಕೆ ಬರುವವರಿಗೂ ಕ್ಯಾಮೆರಾ ಎಲ್ಲೆಲ್ಲಿದೆ ಎಂದು ತಿಳಿಸಿ.

ಅನುಮಾನದ ದೃಶ್ಯ ಕಂಡಾಗ

ದೂರದಲ್ಲಿರುವವರು ಮಾಡಬಹುದಾದದ್ದು ಮೊದಲು 112ಕ್ಕೆ ಕರೆ, ಆ ಮೇಲೆ ಬೀಗದ ಕೈ ಇರುವ ನೆರೆಯವರಿಗೆ ಕರೆ. ನೀವು ಬೇರೆ ರಾಜ್ಯದಲ್ಲಿದ್ದರೆ 112 ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗುವುದರಿಂದ, ನಿಮ್ಮ ಬಡಾವಣೆಯ ಪೊಲೀಸ್ ಠಾಣೆಯ ನಂಬರನ್ನು ಮೊದಲೇ ಮೊಬೈಲಿನಲ್ಲಿ ಉಳಿಸಿಕೊಂಡಿರಬೇಕು. ಮೊಬೈಲ್ ಪರದೆಯ ರೆಕಾರ್ಡಿಂಗನ್ನಷ್ಟೇ ನಂಬಿ ಕೂರಬೇಡಿ. ಡಿವಿಆರ್‌ನಲ್ಲಿ ಆ ಹೊತ್ತಿನ ಮುಖ್ಯ ಹರಿವಿನ ದೃಶ್ಯವನ್ನು ಘಟನೆಗೆ ಅರ್ಧ ಗಂಟೆ ಮುಂಚಿನಿಂದ ಅರ್ಧ ಗಂಟೆ ನಂತರದವರೆಗೆ ಆರಿಸಿ, ಖಾಲಿ ಪೆನ್‌ಡ್ರೈವಿಗೆ ಬ್ಯಾಕಪ್ ಮಾಡಿಸಿ; ಡಿಸ್ಕು ತುಂಬಿ ಅದರ ಮೇಲೆ ಬೇರೆಯದು ದಾಖಲಾಗುವ ಮೊದಲೇ ಇದು ಆಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಇಂಥ ಪ್ರತಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಪ್ರಮಾಣಪತ್ರವೂ ಫೈಲಿನ ಹ್ಯಾಶ್ ಮೌಲ್ಯವೂ (ಫೈಲು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಬೇಕಾಗುತ್ತವೆ. ಆದ್ದರಿಂದ ಫೈಲನ್ನು ಕತ್ತರಿಸದೆ, ವಾಟ್ಸಾಪಿನಲ್ಲಿ ಕಳುಹಿಸಿ ಕುಗ್ಗಿಸದೆ, ಡಿವಿಆರ್ ಕೊಟ್ಟ ಮೂಲ ರೂಪದಲ್ಲೇ ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಅವರು ಡಿವಿಆರ್ ಪೆಟ್ಟಿಗೆಯನ್ನೇ ವಶಕ್ಕೆ ಪಡೆಯಬೇಕೆಂದರೆ ಅದರ ಸೀರಿಯಲ್ ನಂಬರನ್ನು ಪಂಚನಾಮೆಯಲ್ಲಿ ಬರೆಸಿ ಒಂದು ಪ್ರತಿಯನ್ನು ಇಟ್ಟುಕೊಳ್ಳಿ.